ಹೆಸರು ಬರೆದಿಡಿ: ಕಪ್ಪು ಅಮೆರಿಕನ್ ಮನೆತನಗಳ ನೆನಪು ಉಳಿಸುವ ಕೆಲಸ

1850ರಲ್ಲೂ 1860ರಲ್ಲೂ ಅಮೆರಿಕ ಸರ್ಕಾರ ಜನಗಣತಿಯ ಜೊತೆಗೆ ಇನ್ನೊಂದು ಪಟ್ಟಿ ಮಾಡಿಸಿತು: ಗುಲಾಮರ ಪಟ್ಟಿ. ಅದರಲ್ಲಿ ಮಾಲೀಕನ ಹೆಸರು ಪೂರ್ತಿಯಾಗಿದೆ. ಅವನು ಇಟ್ಟುಕೊಂಡ ಒಬ್ಬೊಬ್ಬ ಮನುಷ್ಯರಿಗೂ ಒಂದೊಂದು ಸಾಲು. ವಯಸ್ಸು, ಗಂಡೋ ಹೆಣ್ಣೋ, ಮೈಬಣ್ಣಕ್ಕೆ ಒಂದು ಅಕ್ಷರ. ಅವರ ಹೆಸರಿಗೆ ಜಾಗವನ್ನೇ ಇಟ್ಟಿರಲಿಲ್ಲ. 1860ರಲ್ಲಿ ಹೀಗೆ ಬರೀ ಸಾಲುಗಳಾಗಿ ಹೋದವರು ಸುಮಾರು 39.5 ಲಕ್ಷ ಜನ.

ಅವರ ಮರಿಮಕ್ಕಳ ಮಕ್ಕಳು ಇವತ್ತು ಶಿಕಾಗೋದಲ್ಲೋ ಅಟ್ಲಾಂಟಾದಲ್ಲೋ ಹ್ಯೂಸ್ಟನ್‌ನಲ್ಲೋ ಇದ್ದಾರೆ. ಅಜ್ಜಿಯ ಕಪಾಟಿನಲ್ಲಿ ಒಂದು ಶೂ ಡಬ್ಬಿ, ಅದರ ತುಂಬ ಫೋಟೊ. ತಿರುಗಿಸಿ ನೋಡಿದರೆ ಹಿಂಬದಿ ಖಾಲಿ. ಹೆಂಗಸು, ಮೂವತ್ತರ ಆಸುಪಾಸು, ಬಿಳಿ ಗೌನು, ಅಷ್ಟೇ. ಹೆಸರು ಬಲ್ಲ ಕೊನೆಯವರು ತೀರಿಕೊಂಡ ದಿನ ಆ ಫೋಟೊ ಕೂಡ 1860ರ ಪಟ್ಟಿಯ ಒಂದು ಸಾಲಾಗಿಬಿಡುತ್ತದೆ. ಇಲ್ಲಿ ನಾನು ಬರೆಯುತ್ತಿರುವುದೆಲ್ಲ, ಎರಡು ರೂಪಾಯಿಯ ಪೆನ್ಸಿಲ್ಲಿನಿಂದ ಹಿಡಿದು ವಾಷಿಂಗ್ಟನ್ನಿನ ರಾಷ್ಟ್ರೀಯ ಪತ್ರಾಗಾರದವರೆಗೆ, ಹೆಸರನ್ನು ಮುಖದಿಂದ, ಧ್ವನಿಯಿಂದ, ಜಮೀನಿನಿಂದ ಬೇರೆಯಾಗದಂತೆ ಕಟ್ಟಿಡುವ ಬಗ್ಗೆ.

ಮೊದಲು ಧ್ವನಿ. ಕಾಗದ ಇನ್ನೂ ಹತ್ತು ವರ್ಷ ಕಾದೀತು, ತೊಂಬತ್ತು ದಾಟಿದ ಅಜ್ಜಿ ಕಾಯಲಾರರು. ಬೇಸಿಗೆಯಲ್ಲಿ ಕಪ್ಪು ಕುಟುಂಬಗಳ ದೊಡ್ಡ ರೀಯೂನಿಯನ್‌ಗಳು ನಡೆಯುತ್ತವೆ. ಎಲ್ಲರಿಗೂ ಒಂದೇ ಬಣ್ಣದ ಟೀ ಶರ್ಟು, ನಾಲ್ಕು ತಲೆಮಾರು ಒಂದೇ ಮೈದಾನದಲ್ಲಿ. ಸಂದರ್ಶನವನ್ನು ಅಲ್ಲೇ ಮುಗಿಸಿಬಿಡೋಣ ಅನ್ನಿಸುವುದು ಸಹಜ. ಮುಗಿಸಬೇಡಿ. ಸುತ್ತ ಮಕ್ಕಳ ಕೂಗು, ಹಾಡು, ಮಧ್ಯೆ ಮಧ್ಯೆ ಕೈ ಕುಲುಕಲು ಬರುವ ನೆಂಟರು; ಹಿರಿಯರು ಎರಡು ವಾಕ್ಯ ಹೇಳಿ ಸುಮ್ಮನಾಗುತ್ತಾರೆ. ಅಲ್ಲಿ ಆಗುವ ಕೆಲಸ ಬೇರೆ. ಗುರುತು ಸಿಗದ ಫೋಟೊಗಳ ದೊಡ್ಡ ನಕಲು ಮಾಡಿಸಿ, ಪ್ರತಿಯೊಂದಕ್ಕೂ ನಂಬರು ಹಾಕಿ, ಊಟದ ಜಾಗಕ್ಕೆ ಹತ್ತಿರದ ಗೋಡೆಗೆ ಅಂಟಿಸಿ, ಪಕ್ಕದಲ್ಲಿ ದಾರ ಕಟ್ಟಿದ ಪೆನ್ನು ಇಡಿ. ಯಾರು ಏನು ಬರೆದರೂ ಕೆಳಗೆ ತಮ್ಮ ಹೆಸರನ್ನೂ ಬರೆಯಬೇಕು. ಒಂದೇ ಮುಖಕ್ಕೆ ಎರಡು ಹೆಸರು ಬಂದಾಗ ಯಾರ ಮಾತು ಯಾವ ಕವಲಿನಿಂದ ಬಂತು ಎಂಬುದು ಆಮೇಲೆ ಬೇಕಾಗುತ್ತದೆ.

ಸಂದರ್ಶನ ಮನೆಯಲ್ಲಿ, ಒಬ್ಬರನ್ನೇ ಕೂರಿಸಿಕೊಂಡು, ಒಂದು ಗಂಟೆಯಿಂದ ಒಂದೂವರೆ ಗಂಟೆ. ಅದಕ್ಕಿಂತ ಹೆಚ್ಚು ಎಳೆಯಬಾರದು, ಇನ್ನೊಂದು ದಿನ ಬಂದರಾಯಿತು. ಕಾರ್ಪೆಟ್ಟು, ಪರದೆ, ಸೋಫಾ ಇರುವ ಕೋಣೆ ಒಳ್ಳೆಯದು. ಅಡುಗೆಮನೆಯ ಟೈಲ್ಸಿನಲ್ಲಿ ಮಾತು ಮೊಳಗುತ್ತದೆ. ಫ್ರಿಜ್ಜಿನ ಗುಂಯ್ ಶಬ್ದ ಕೂತಾಗ ಕೇಳಿಸುವುದಿಲ್ಲ, ರೆಕಾರ್ಡಿಂಗ್‌ನಲ್ಲಿ ಉದ್ದಕ್ಕೂ ಇರುತ್ತದೆ. ಅದನ್ನು ಆರಿಸಿ ನಿಮ್ಮ ಕಾರಿನ ಕೀಲಿಯನ್ನು ಅದರೊಳಗೇ ಇಡಿ, ಮತ್ತೆ ಹಾಕಲು ಮರೆತು ಹೊರಡುವ ಮಾತೇ ಇರುವುದಿಲ್ಲ. ಫೋನಿನಲ್ಲಿ ರೆಕಾರ್ಡ್ ಮಾಡುವುದಾದರೆ ಏರ್‌ಪ್ಲೇನ್ ಮೋಡ್‌ಗೆ ಹಾಕಿ. ಬಟ್ಟೆಗೆ ಸಿಕ್ಕಿಸುವ ಸಣ್ಣ ಮೈಕು ಇದ್ದರೆ ಇನ್ನೂ ಒಳ್ಳೆಯದು, ಇಲ್ಲದಿದ್ದರೆ ಬಾಯಿಯಿಂದ 20-30 ಸೆಂಟಿಮೀಟರ್ ದೂರದಲ್ಲಿ, ಮೇಜಿನ ಮೇಲೆ ಮಡಚಿದ ಟವೆಲ್ಲಿನ ಮೇಲೆ ಇಡಿ. ಕಡತ ವೇವ್ ರೂಪದಲ್ಲಿರಲಿ, 48 ಕಿಲೋಹರ್ಟ್ಸ್, 24 ಬಿಟ್. ಒಂದು ಗಂಟೆಯ ಮೊನೊ ಧ್ವನಿಗೆ ಸುಮಾರು 520 ಎಂಬಿ ಬೇಕು. ಎಂಪಿ3 ಸಾಕು ಎನ್ನುವವರಿದ್ದಾರೆ. ಹಂಚುವುದಕ್ಕೆ ಸಾಕು, ಇಟ್ಟುಕೊಳ್ಳುವುದಕ್ಕೆ ಸಾಲದು. ಒಮ್ಮೆ ಹಿಂಡಿ ಬಿಸಾಕಿದ ಧ್ವನಿಯ ಭಾಗ ಮತ್ತೆ ಬರುವುದಿಲ್ಲ. ಶುರುವಿನಲ್ಲೇ ತಾರೀಖು, ಊರು, ಇಬ್ಬರ ಹೆಸರನ್ನೂ ಬಾಯಿಬಿಟ್ಟು ಹೇಳಿ. ಕಡತದ ಹೆಸರು ಅಳಿಸಿಹೋದರೂ ಒಳಗಿನ ಮಾತು ಗುರುತು ಹೇಳುತ್ತದೆ.

ಏನು ಕೇಳಬೇಕು? ‘ಬಾಲ್ಯ ಹೇಗಿತ್ತು’ ಅಂದರೆ ‘ಬಡತನ ಇತ್ತು, ಆದರೂ ಚೆನ್ನಾಗಿತ್ತು’ ಎನ್ನುವಲ್ಲಿಗೆ ಮಾತು ನಿಲ್ಲುತ್ತದೆ. ಕಣ್ಣಿಗೆ ಕಟ್ಟುವಂಥದ್ದನ್ನು ಕೇಳಿ. ಮಿಸಿಸಿಪ್ಪಿಯ ಆ ಮನೆಯ ನಕ್ಷೆ ಬರೆದುಕೊಡುತ್ತೀರಾ? ಬಾವಿ ಯಾವ ಕಡೆ? ಯಾರ ಪಕ್ಕ ಯಾರು ಮಲಗುತ್ತಿದ್ದರು? ಹತ್ತಿಯ ಲೆಕ್ಕ ಚುಕ್ತಾ ಆದ ದಿನ ಅಪ್ಪ ಮನೆಗೆ ಬಂದು ಏನು ಹೇಳುತ್ತಿದ್ದರು? ಉತ್ತರಕ್ಕೆ ಹೊರಟಾಗ ರೈಲು ಹತ್ತಿದ್ದು ಯಾವ ಸ್ಟೇಷನ್ನಿನಲ್ಲಿ, ಬುತ್ತಿಯಲ್ಲಿ ಏನಿತ್ತು, ಇಳಿದ ಮೇಲೆ ಮೊದಲ ರಾತ್ರಿ ಯಾರ ಮನೆ? 1910ರಿಂದ 1970ರವರೆಗೆ ದಕ್ಷಿಣದ ರಾಜ್ಯಗಳನ್ನು ಬಿಟ್ಟು ಸುಮಾರು 60 ಲಕ್ಷ ಕಪ್ಪು ಜನ ಉತ್ತರಕ್ಕೂ ಪಶ್ಚಿಮಕ್ಕೂ ಹೋದರು, ಅದನ್ನೇ ಮಹಾವಲಸೆ ಎನ್ನುವುದು. ಮೊದಲು ಹೋದವರ ಮನೆಯಲ್ಲೇ ನಂತರದವರು ಇಳಿದುಕೊಳ್ಳುತ್ತಿದ್ದರು. ಹಾಗಾಗಿ ‘ಮೊದಲ ರಾತ್ರಿ ಯಾರ ಮನೆ’ ಎಂಬ ಒಂದು ಪ್ರಶ್ನೆ, ಯಾರಿಗೂ ನೆನಪಿಲ್ಲದ ಒಂದು ಇಡೀ ಕವಲನ್ನು ತೋರಿಸಿಕೊಡಬಲ್ಲದು.

ಕರೆಯುವ ಹೆಸರು, ಕಾಗದದ ಹೆಸರು ಎರಡನ್ನೂ ಕೇಳಿ ಬರೆದುಕೊಳ್ಳಿ. ದಕ್ಷಿಣ ಕೆರೊಲಿನಾ, ಜಾರ್ಜಿಯಾ ಕರಾವಳಿಯ ಗಲ್ಲಾ ಗೀಚಿ ಜನರಲ್ಲಿ ಮಗುವಿಗೆ ಮನೆಯೊಳಗಿನ ಹೆಸರೊಂದು ಬೇರೆಯೇ ಇರುತ್ತಿತ್ತು. ಅದನ್ನು ಬುಟ್ಟಿ ಹೆಸರು ಎನ್ನುತ್ತಾರೆ, ಎಷ್ಟೋ ಸಲ ಅದು ಆಫ್ರಿಕಾದ ಭಾಷೆಯದ್ದು. ಸರ್ಕಾರಿ ಕಾಗದದಲ್ಲಿ ಅದು ಸಿಗುವುದೇ ಇಲ್ಲ. ಹಾಗೆಯೇ, ಅರ್ಥವಾಗದ್ದನ್ನೂ ರೆಕಾರ್ಡ್ ಮಾಡಿ. ಜಾರ್ಜಿಯಾದ ಹ್ಯಾರಿಸ್ ನೆಕ್ ಎಂಬಲ್ಲಿ ಅಮೀಲಿಯಾ ಡಾಲಿ ಎಂಬ ಹೆಣ್ಣುಮಗಳು ಹಾಡುತ್ತಿದ್ದ ಐದು ಸಾಲಿನ ಹಾಡನ್ನು ಭಾಷಾಶಾಸ್ತ್ರಜ್ಞ ಲೊರೆಂಜೊ ಡೌ ಟರ್ನರ್ 1930ರ ದಶಕದ ಆರಂಭದಲ್ಲಿ ರೆಕಾರ್ಡ್ ಮಾಡಿಕೊಂಡರು. ಹಾಡುವವರಿಗೇ ಅದರ ಅರ್ಥ ಗೊತ್ತಿರಲಿಲ್ಲ. ಅದು ಸಿಯೆರಾ ಲಿಯೋನ್‌ನ ಮೆಂಡೆ ಭಾಷೆ. ದಶಕಗಳ ನಂತರ ಸಂಶೋಧಕರು ಆ ದೇಶದ ಸೆನೆಹುನ್ ಎನ್ಗೋಲಾ ಎಂಬ ಹಳ್ಳಿಯಲ್ಲಿ ಅದೇ ಹಾಡನ್ನು ಬಲ್ಲ ಬೈಂದು ಜಬಾತಿ ಎಂಬವರನ್ನು ಕಂಡರು. ಅಲ್ಲಿ ಅದು ಸತ್ತವರನ್ನು ಕಳಿಸಿಕೊಡುವ ಹಾಡು. ಅಮೀಲಿಯಾರ ಮಗಳು ಮೇರಿ ಮೊರಾನ್ 1997ರಲ್ಲಿ ಆ ಹಳ್ಳಿಗೆ ಹೋಗಿ ಬಂದರು. ಒಂದು ಕುಟುಂಬಕ್ಕೆ ತನ್ನ ಹಳ್ಳಿ ಸಿಕ್ಕಿದ್ದು ‘ಇದೇನೋ ಅರ್ಥವಿಲ್ಲದ ಹಾಡು’ ಎಂದು ಯಾರೂ ಬಿಟ್ಟುಬಿಡದೆ ಇದ್ದದ್ದರಿಂದ.

ಮೌನಗಳೂ ಬರುತ್ತವೆ. ಬಿಳಿಯರಂತೆ ಕಾಣುತ್ತಿದ್ದ ಚಿಕ್ಕಪ್ಪ ಒಂದು ದಿನ ಊರು ಬಿಟ್ಟು ಬಿಳಿಯನಾಗಿಯೇ ಬದುಕಿದ್ದು, ಮಾಲೀಕನಿಂದ ಹುಟ್ಟಿದ ಮಗು, ಗುಂಪು ಕೊಲೆಗೆ ಹೆದರಿ ರಾತ್ರೋರಾತ್ರಿ ಬಿಟ್ಟು ಬಂದ ಮನೆ. 1877ರಿಂದ 1950ರ ನಡುವೆ ನಡೆದ 4,400ಕ್ಕೂ ಹೆಚ್ಚು ಇಂಥ ಗುಂಪು ಕೊಲೆಗಳಿಗೆ, ಅಂದರೆ ಲಿಂಚಿಂಗ್‌ಗಳಿಗೆ ದಾಖಲೆ ಸಿಕ್ಕಿದೆ. ಕೊಲೆಯಾದವರ ಹೆಸರುಗಳನ್ನು ಕೆತ್ತಿದ ಸ್ಮಾರಕ ಅಲಬಾಮಾದ ಮಾಂಟ್‌ಗೊಮರಿಯಲ್ಲಿ 2018ರಲ್ಲಿ ತೆರೆಯಿತು. ಇಂಥ ಮಾತಿನ ಹತ್ತಿರ ಬಂದಾಗ ಒತ್ತಾಯ ಮಾಡಬೇಡಿ. ರೆಕಾರ್ಡರ್ ನಿಲ್ಲಿಸುವ ಗುಂಡಿ ಯಾವುದು ಎಂದು ಮೊದಲೇ ತೋರಿಸಿ, ಅದು ಅವರ ಕೈಗೆ ಎಟುಕುವಲ್ಲೇ ಇರಲಿ. ಕೊನೆಗೆ ಒಂದು ಪುಟದ ಒಪ್ಪಿಗೆ ಪತ್ರ ಬೇಕು: ಯಾರು ಕೇಳಬಹುದು, ಅಂತರ್ಜಾಲಕ್ಕೆ ಹಾಕಬಹುದೇ, ಯಾವ ಭಾಗವನ್ನು ಅವರು ತೀರಿಕೊಂಡ ಎಷ್ಟು ವರ್ಷದ ಮೇಲೆ ಬಿಚ್ಚಬೇಕು. ಮನೆಯವರೇ ತಾನೇ ಎಂದು ಇದನ್ನು ಬಿಟ್ಟರೆ, ಮುಂದೆ ಯಾವ ಪತ್ರಾಗಾರವೂ ಆ ಧ್ವನಿಯನ್ನು ಹೊರಗೆ ಬಿಡಲು ಧೈರ್ಯ ಮಾಡುವುದಿಲ್ಲ.

ಮಾತನ್ನು ಬರಹಕ್ಕಿಳಿಸುವಾಗ ಒಂದು ಹಳೆಯ ತಪ್ಪನ್ನು ನೆನಪಿಡಬೇಕು. 1936ರಿಂದ 1938ರವರೆಗೆ ಸರ್ಕಾರದ ಬರಹಗಾರರ ಯೋಜನೆಯವರು, ಗುಲಾಮಗಿರಿಯಲ್ಲಿ ಹುಟ್ಟಿ ಬದುಕುಳಿದಿದ್ದ ವೃದ್ಧರ 2,300ಕ್ಕೂ ಹೆಚ್ಚು ಹೇಳಿಕೆಗಳನ್ನು ಬರೆದುಕೊಂಡರು. ಇವತ್ತು ಅವು ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಎಲ್ಲರಿಗೂ ಉಚಿತ. ಅಮೂಲ್ಯ ಭಂಡಾರ ಅದು. ಆದರೆ ಬರೆದುಕೊಂಡವರಲ್ಲಿ ಹೆಚ್ಚಿನವರು ಬಿಳಿಯರು. ದಕ್ಷಿಣದ ಊರುಗಳಲ್ಲಿ ಕಪ್ಪು ಮನುಷ್ಯರು ಬಿಳಿಯರ ಮುಂದೆ ಬಾಯಿಬಿಡುವುದು ಅಪಾಯವಾಗಿದ್ದ ಕಾಲ. ಮೇಲಾಗಿ ಮಾತನ್ನು ಬೇಕೆಂದೇ ವಕ್ರ ಕಾಗುಣಿತದಲ್ಲಿ ಬರೆದರು, ಓದುವವರಿಗೆ ಹೇಳುವವರು ದಡ್ಡರಂತೆ ಕಾಣುವ ಹಾಗೆ. ನೀವು ಎರಡನ್ನೂ ಮಾಡಬೇಡಿ: ಅಜ್ಜಿಯ ವ್ಯಾಕರಣವನ್ನು ಶಾಲೆಯ ಇಂಗ್ಲಿಷಿಗೆ ತಿದ್ದಬೇಡಿ, ಉಚ್ಚಾರವನ್ನು ಗೇಲಿಯಾಗುವಂತೆ ಬರೆಯಲೂಬೇಡಿ. ಪದಗಳು ಅವರವೇ ಇರಲಿ, ಕಾಗುಣಿತ ಸಾಮಾನ್ಯವಾಗಿರಲಿ. ಧಾರವಾಡದ ಅಜ್ಜಿಯ ಮಾತನ್ನು ಪುಸ್ತಕದ ಕನ್ನಡಕ್ಕೆ ತಿರುಗಿಸಿದರೆ ಏನು ಹೋಗುತ್ತದೆ ಎಂಬುದು ನಮಗೆ ಗೊತ್ತಿದೆ, ಇಲ್ಲೂ ಅದೇ ಹೋಗುತ್ತದೆ.

ಇನ್ನು ಫೋಟೊ. ಹಿಂಬದಿಯಲ್ಲಿ ಬಾಲ್‌ಪೆನ್ನಿನಿಂದ ಬರೆದರೆ ಒತ್ತಿದ ಗೆರೆ ಮುಖದ ಕಡೆ ಉಬ್ಬುತ್ತದೆ, ಸ್ಕೆಚ್ ಪೆನ್ನಿನ ಶಾಯಿ ಮುಂದಿನ ಫೋಟೊಗೆ ಹತ್ತುತ್ತದೆ. ಹಳೆಯ ಕಾಗದದ ಫೋಟೊಗೆ ಮೆತ್ತನೆಯ 2ಬಿ ಪೆನ್ಸಿಲ್, ಅಂಚಿನ ಹತ್ತಿರ, ಹಗುರಾಗಿ. 1970ರ ದಶಕದಿಂದೀಚಿನ ಪ್ಲಾಸ್ಟಿಕ್ ಲೇಪದ ಪ್ರಿಂಟುಗಳ ಮೇಲೆ ಪೆನ್ಸಿಲ್ ಹಿಡಿಯುವುದಿಲ್ಲ. ಅವಕ್ಕೆ ಕವರು ಬೇಕು: ಕವರಿನ ಮೇಲೆ ಮೊದಲೇ ಬರೆದಿಡಿ, ಆಮೇಲೆ ಫೋಟೊವನ್ನು ಒಳಗೆ ಸೇರಿಸಿ. ಕವರು ಪಾಲಿಎಸ್ಟರ್, ಪಾಲಿಪ್ರೊಪಿಲೀನ್ ಅಥವಾ ಪಾಲಿಎಥಿಲೀನ್‌ನದಾಗಿರಲಿ, ಇಲ್ಲವೇ ಆಮ್ಲರಹಿತ ಕಾಗದದ್ದು. ಹೊಸ ಬ್ಯಾಗಿನ ಹಾಗೆ ವಾಸನೆ ಬರುವ ಮೆತ್ತನೆ ಪ್ಲಾಸ್ಟಿಕ್ ಪಿವಿಸಿ. ಅದರಿಂದ ಬರುವ ಆಮ್ಲ ಫೋಟೊವನ್ನು ತಿನ್ನುತ್ತದೆ.

1970-80ರ ದಶಕಗಳ ಅಂಟು ಪುಟದ ಆಲ್ಬಂ ಪ್ರತಿ ಮನೆಯಲ್ಲೂ ಇದೆ, ಅತಿ ಹೆಚ್ಚು ಹಾನಿ ಮಾಡಿದ್ದೂ ಅದೇ. ತೆಗೆಯುವ ಮೊದಲು ಪುಟವನ್ನು ಇದ್ದ ಹಾಗೆಯೇ ಸ್ಕ್ಯಾನ್ ಮಾಡಿ: ಯಾರ ಪಕ್ಕ ಯಾರನ್ನು ಅಂಟಿಸಿದ್ದರು ಎಂಬುದೇ ಒಂದು ಸುಳಿವು. ಆಮೇಲೆ ಮೇಣವಿಲ್ಲದ ಹಲ್ಲಿನ ದಾರವನ್ನು ಫೋಟೊದ ಕೆಳಗೆ ತೂರಿಸಿ ಗರಗಸದಂತೆ ಮೆಲ್ಲಗೆ ಎಳೆಯಿರಿ. ಹೇರ್ ಡ್ರೈಯರ್ ಹಿಡಿಯಬೇಡಿ, ಕರಗಿದ ಅಂಟು ಒಳಗೆ ಇಳಿಯುತ್ತದೆ. ಬಾರದಿದ್ದರೆ ಬಿಟ್ಟುಬಿಡಿ, ಪುಟವನ್ನೇ ಕತ್ತರಿಸಿ ಇಡಬಹುದು. ಗಾಜಿಗೆ ಅಂಟಿಕೊಂಡ ಫೋಟೊವನ್ನಂತೂ ಗಾಜಿನ ಜೊತೆಗೇ ಸ್ಕ್ಯಾನ್ ಮಾಡಬೇಕು.

ಸ್ಕ್ಯಾನಿಂಗ್ 600 ಡಿಪಿಐ, 24 ಬಿಟ್ ಬಣ್ಣ, ಟಿಫ್ ಕಡತ. ಕಪ್ಪು ಬಿಳುಪು ಫೋಟೊವನ್ನೂ ಬಣ್ಣದಲ್ಲೇ, ಏಕೆಂದರೆ ಕಂದು ಛಾಯೆ, ಕಲೆ, ಪೆನ್ಸಿಲ್ ಗುರುತು ಎಲ್ಲ ಮಾಹಿತಿಯೇ. 4x6 ಇಂಚಿನದಕ್ಕೆ ಸುಮಾರು 26 ಎಂಬಿ ಆಗುತ್ತದೆ, ಹಿಂಬದಿಯನ್ನೂ ಸೇರಿಸಿದರೆ ಸಾವಿರ ಫೋಟೊಗೆ 52 ಜಿಬಿ. ಹಿಂಬದಿ ಖಾಲಿ ಅನ್ನಿಸಿದರೂ ಸ್ಕ್ಯಾನ್ ಮಾಡಿ; ಸ್ಟುಡಿಯೊದ ಮುದ್ರೆ ಊರನ್ನು ಹೇಳುತ್ತದೆ. ನ್ಯೂಯಾರ್ಕಿನ ಹಾರ್ಲೆಮ್‌ನ ಜೇಮ್ಸ್ ವ್ಯಾನ್ ಡರ್ ಜೀ, ವಾಷಿಂಗ್ಟನ್ನಿನ ಆಡಿಸನ್ ಸ್ಕರ್ಲಾಕ್ ಅವರಂಥ ಕಪ್ಪು ಛಾಯಾಗ್ರಾಹಕರ ಮುದ್ರೆ ಸಿಕ್ಕರೆ, ವಲಸೆಯ ದಾರಿಯಲ್ಲಿ ಆ ಕುಟುಂಬ ಯಾವ ಊರಿನಲ್ಲಿತ್ತು ಎಂಬುದು ಒಂದೇ ಏಟಿಗೆ ತಿಳಿಯುತ್ತದೆ. ತಗಡಿನ ಮೇಲಿನ ಹಳೆಯ ಟಿನ್‌ಟೈಪ್ ಚಿತ್ರ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿರುತ್ತದೆ. ಸೈನಿಕನ ಚಿತ್ರದಲ್ಲಿ ಬೆಲ್ಟಿನ ಅಕ್ಷರಗಳು ಉಲ್ಟಾ ಕಂಡರೆ ಅದು ತಪ್ಪಲ್ಲ.

ಈ ಕೆಲಸದಲ್ಲಿ ನಾನು ಅತಿ ಮುಖ್ಯ ಎಂದುಕೊಂಡಿರುವ ಎಚ್ಚರಿಕೆ ಇದು: ಸ್ಕ್ಯಾನರ್‌ನ ತಾನೇ ಸರಿಪಡಿಸುವ ಆಯ್ಕೆಯನ್ನು ಬಂದ್ ಮಾಡಿಬಿಡಿ. ಫಿಲ್ಮನ್ನೂ ಲ್ಯಾಬಿನ ಬಣ್ಣದ ಮಾದರಿ ಕಾರ್ಡನ್ನೂ ದಶಕಗಳ ಕಾಲ ಬಿಳಿ ಚರ್ಮಕ್ಕೆ ಹೊಂದಿಸಿ ತಯಾರಿಸುತ್ತಿದ್ದರು. ಹಾಗಾಗಿ ಹಳೆಯ ಪ್ರಿಂಟುಗಳಲ್ಲಿ ಗಾಢ ಮೈಬಣ್ಣದ ಮುಖಗಳು ಮೊದಲೇ ಕತ್ತಲಲ್ಲಿವೆ. ಅದರ ಮೇಲೆ ಯಂತ್ರದ ಕಾಂಟ್ರಾಸ್ಟ್ ಸೇರಿದರೆ ಕೆನ್ನೆ, ಕಣ್ಣಿನ ಸುತ್ತಲಿನ ಗೆರೆ, ಕೂದಲಿನ ಹೆಣಿಗೆ ಎಲ್ಲ ಒಂದೇ ಕಪ್ಪು ಕಲೆ. ಮೂಲ ಕಡತವನ್ನು ಚಪ್ಪಟೆಯಾಗಿ, ಮಂಕಾಗಿಯೇ ಇಟ್ಟುಕೊಳ್ಳಿ. ಬೆಳಕು ಹೆಚ್ಚಿಸುವುದನ್ನು ನಕಲಿನ ಮೇಲೆ, ನೆರಳಿನ ಭಾಗಕ್ಕೆ ಮಾತ್ರ ಮಾಡಿ. ಹಳೆ ಫೋಟೊವನ್ನು ಹೊಸದು ಮಾಡಿಕೊಡುವ ಕೃತಕ ಬುದ್ಧಿಮತ್ತೆಯ ಆ್ಯಪ್‌ಗಳ ವಿಷಯದಲ್ಲಿ ಇನ್ನೂ ಜಾಗ್ರತೆ ಬೇಕು. ಮಸುಕಾದ ಮುಖವನ್ನು ಅವು ಊಹಿಸಿ ಬರೆಯುತ್ತವೆ. ಚರ್ಮ ತಿಳಿಯಾಗುತ್ತದೆ, ಮೂಗು ಸಣ್ಣಗಾಗುತ್ತದೆ, ನೋಡಲು ಚೆಂದ ಕಾಣುತ್ತದೆ, ಆದರೆ ಅದು ನಿಮ್ಮ ಮುತ್ತಜ್ಜಿ ಅಲ್ಲ. ಮಾಡಲೇಬೇಕೆನಿಸಿದರೆ ಆ ಚಿತ್ರದ ಮೇಲೆಯೇ ‘ಬದಲಿಸಿದ್ದು’ ಎಂದು ಬರೆದಿಡಿ. ಇಪ್ಪತ್ತು ವರ್ಷದ ಮೇಲೆ ಅದೊಂದೇ ಉಳಿದುಕೊಂಡಿರಬಹುದು.

ಕ್ಯಾಸೆಟ್ಟುಗಳಲ್ಲಿ ಚರ್ಚಿನ ಪ್ರವಚನ, ಗಾನವೃಂದ, ತೀರಿಕೊಂಡವರು ಫೋನಿನ ಆನ್ಸರಿಂಗ್ ಮಷೀನಿನಲ್ಲಿ ಬಿಟ್ಟ ಮಾತು ಇರುತ್ತವೆ. ಹಾಕಿ ಕೇಳುವ ಮೊದಲು ಮೇಲಂಚಿನ ಎರಡು ಪ್ಲಾಸ್ಟಿಕ್ ಚೂರುಗಳನ್ನು ಮುರಿಯಿರಿ, ಆಗ ತಪ್ಪಿ ಮೇಲೆ ಮುದ್ರಣವಾಗುವುದಿಲ್ಲ. 120 ನಿಮಿಷದ ಕ್ಯಾಸೆಟ್ಟಿನ ಟೇಪು ಬಹಳ ತೆಳು, ಹಿಂದೆ ಮುಂದೆ ಓಡಿಸದೆ ಒಂದೇ ಸಲಕ್ಕೆ ನಕಲು ಮಾಡಿಕೊಳ್ಳಿ. ಕೀರಲು ಶಬ್ದ ಬಂದರೆ ತಕ್ಷಣ ನಿಲ್ಲಿಸಿ, ಅದು ಲೇಪ ಕಿತ್ತು ಬರುತ್ತಿರುವ ಸೂಚನೆ, ತಿಳಿದವರಿಗೆ ಕೊಡಬೇಕು. ಒಳ್ಳೆಯ ಹಳೆಯ ಡೆಕ್ಕಿನ ಲೈನ್ ಔಟ್‌ನಿಂದ ಯುಎಸ್‌ಬಿ ಆಡಿಯೊ ಇಂಟರ್‌ಫೇಸ್‌ಗೆ, ಅಲ್ಲಿಂದ ಕಂಪ್ಯೂಟರಿಗೆ. ಎಲ್ಲವೂ ಒಂದರಲ್ಲೇ ಇರುವ ಅಗ್ಗದ ಪೆಟ್ಟಿಗೆಗಳಲ್ಲಿ ಟೇಪಿನ ವೇಗವೇ ಸ್ಥಿರವಿರುವುದಿಲ್ಲ, ಧ್ವನಿ ತೂಗಾಡುತ್ತದೆ. ವಿಡಿಯೊ ಟೇಪುಗಳಿಗೆ ಸಮಯ ಇನ್ನೂ ಕಡಿಮೆ: ವಿಎಚ್‌ಎಸ್ ಯಂತ್ರಗಳ ತಯಾರಿಕೆ 2016ರಲ್ಲೇ ನಿಂತಿತು. ವಾಷಿಂಗ್ಟನ್ನಿನ ಆಫ್ರಿಕನ್ ಅಮೆರಿಕನ್ ಇತಿಹಾಸದ ರಾಷ್ಟ್ರೀಯ ವಸ್ತುಸಂಗ್ರಹಾಲಯ ಕುಟುಂಬಗಳ ಹಳೆಯ ಫಿಲ್ಮು, ಟೇಪುಗಳನ್ನು ಡಿಜಿಟಲ್ ಮಾಡಿಕೊಡುವ ಕೆಲಸವನ್ನು ಮಾಡುತ್ತಾ ಬಂದಿದೆ.

ಕಾಗದಗಳಲ್ಲಿ ಎರಡರ ಬೆಲೆ ಹೊರಗಿನವರಿಗೆ ತಿಳಿಯುವುದಿಲ್ಲ. ಒಂದು, ಅಂತ್ಯಕ್ರಿಯೆಯ ದಿನ ಚರ್ಚಿನಲ್ಲಿ ಹಂಚುವ ಮಡಿಕೆ ಪುಸ್ತಿಕೆ. ಹುಟ್ಟಿದ ಊರು, ತಂದೆತಾಯಿ, ಯಾವ ಚರ್ಚು, ಮೊದಲೇ ತೀರಿಕೊಂಡವರು ಯಾರು, ಬದುಕಿರುವ ಮಕ್ಕಳು ಯಾವ ಯಾವ ಊರಿನಲ್ಲಿ, ಹೆಣ ಹೊತ್ತವರು ಯಾರು: ಮನೆತನದ ಅರ್ಧ ವಂಶಾವಳಿ ಎರಡು ಪುಟದಲ್ಲಿ. ಬಿಳಿಯರ ಪತ್ರಿಕೆಗಳು ಕಪ್ಪು ಜನರ ಮರಣವಾರ್ತೆ ಹಾಕದ ಊರುಗಳಲ್ಲಿ ಎಷ್ಟೋ ಸಲ ಇದೊಂದೇ ಮುದ್ರಿತ ದಾಖಲೆ. ಜಾರ್ಜಿಯಾದ ಡಿಜಿಟಲ್ ಗ್ರಂಥಾಲಯದಲ್ಲಿ ಇವುಗಳದ್ದೇ ಒಂದು ಸಂಗ್ರಹವಿದೆ. ಎರಡನೆಯದು ಮನೆಯ ಬೈಬಲ್. ಅದರ ನಡುವಿನ ಪುಟಗಳಲ್ಲಿ ಹುಟ್ಟು ಸಾವು ಬರೆದಿರುತ್ತಾರೆ. ಅದನ್ನು ನಂಬುವ ಮೊದಲು ಬೈಬಲ್ ಅಚ್ಚಾದ ವರ್ಷ ನೋಡಿ. 1890ರಲ್ಲಿ ಅಚ್ಚಾದ ಪುಸ್ತಕದಲ್ಲಿ 1858ರ ಹುಟ್ಟು ಇದ್ದರೆ ಅದು ಆಮೇಲೆ ನೆನಪಿನಿಂದ ಬರೆದದ್ದು. ಒಂದೇ ಕೈ, ಒಂದೇ ಶಾಯಿಯಲ್ಲಿ ಹತ್ತು ಹೆಸರು ಇದ್ದರೂ ಹಾಗೆಯೇ. ಬೈಬಲನ್ನು ಸ್ಕ್ಯಾನರ್ ಮೇಲೆ ಒತ್ತಿ ಬೆನ್ನು ಮುರಿಯಬೇಡಿ, ಮೇಲಿನಿಂದ ಫೋಟೊ ತೆಗೆಯಿರಿ. ಒಳಗಿರುವ ಪತ್ರಿಕೆಯ ತುಣುಕುಗಳನ್ನು ಹೊರಗೆ ತೆಗೆದು ಬೇರೆ ಇಡಿ, ಅವು ಪಕ್ಕದ ಪುಟವನ್ನು ಕಂದುಗಟ್ಟಿಸುತ್ತವೆ. ಯಾವ ಪುಟದಲ್ಲಿತ್ತು ಎಂದು ಮಾತ್ರ ಬರೆದುಕೊಳ್ಳಿ.

ಇದೆಲ್ಲ ಕೈಗೆ ಬಂದ ಮೇಲೆ ಸರ್ಕಾರಿ ದಾಖಲೆ. 2022ರ ಏಪ್ರಿಲ್‌ನಲ್ಲಿ ಬಿಡುಗಡೆಯಾದ 1950ರ ಜನಗಣತಿಯಿಂದ ಹಿಂದಕ್ಕೆ ಹೆಜ್ಜೆ ಹೆಜ್ಜೆಯಾಗಿ ಹೋಗಬೇಕು, ಹಾರಬಾರದು. 1900ರ ಗಣತಿ ಚಿನ್ನದಂಥದ್ದು: ಹುಟ್ಟಿದ ತಿಂಗಳು ಮತ್ತು ವರ್ಷ, ಮದುವೆಯಾಗಿ ಎಷ್ಟು ವರ್ಷ, ತಾಯಿ ಹೆತ್ತ ಮಕ್ಕಳೆಷ್ಟು, ಬದುಕಿರುವವರೆಷ್ಟು. 1890ರದ್ದು 1921ರ ಬೆಂಕಿಗೆ ಸಿಕ್ಕು, ಉಳಿದದ್ದನ್ನೂ ಆಮೇಲೆ ನಾಶಮಾಡಿದ್ದರಿಂದ, ಹೆಚ್ಚುಕಡಿಮೆ ಪೂರ್ತಿ ಹೋಯಿತು, ಅಲ್ಲಿ ಇಪ್ಪತ್ತು ವರ್ಷದ ಹಳ್ಳ. 1880ರಲ್ಲಿ ಯಾರಿಗೆ ಯಾರು ಏನಾಗಬೇಕು ಎಂದು ಬರೆದಿದೆ. 1870ರಲ್ಲಿ ಅದಿಲ್ಲ, ಹೆಸರುಗಳು ಮಾತ್ರ. ಆದರೆ ಹಿಂದಿನ ಗುಲಾಮರೆಲ್ಲರ ಹೆಸರೂ ಕೇಂದ್ರ ಗಣತಿಯಲ್ಲಿ ಬಂದದ್ದು ಅದರಲ್ಲೇ ಮೊದಲು. ಅದರ ಹಿಂದೆ ಗೋಡೆ.

ಗೋಡೆ ದಾಟಲು ಹೋಗಿ ಬಹಳ ಜನ ಒಂದೇ ತಪ್ಪು ಮಾಡುತ್ತಾರೆ. ಮನೆತನದ ಹೆಸರು ಹಿಡಿದು ಅದೇ ಹೆಸರಿನ ಬಿಳಿ ಮಾಲೀಕನನ್ನು ಹುಡುಕಿ, ಅವನ ಗುಲಾಮರ ಪಟ್ಟಿಯಲ್ಲಿ 22 ವಯಸ್ಸಿನ ಗಂಡಸು ಸಿಕ್ಕಿದ ಕೂಡಲೇ ಮುತ್ತಜ್ಜ ಸಿಕ್ಕ ಎಂದುಬಿಡುತ್ತಾರೆ. ಬಿಡುಗಡೆಯಾದವರು ಕೊನೆಯ ಮಾಲೀಕನ ಹೆಸರನ್ನೇ ಇಟ್ಟುಕೊಂಡರು ಎಂದೇನಿಲ್ಲ. ಕೆಲವರು ಹಳೆಯ ಮಾಲೀಕನದ್ದು, ಕೆಲವರು ತಂದೆಯದ್ದು, ಕೆಲವರು ತಾವೇ ಆರಿಸಿದ್ದು ಇಟ್ಟುಕೊಂಡರು, ಅಣ್ಣತಮ್ಮಂದಿರ ಹೆಸರೇ ಬೇರೆ ಬೇರೆ. ವಯಸ್ಸುಗಳೂ ಅಂದಾಜು. ನಂಬಬೇಕಾದ್ದು ಗುಂಪನ್ನು: ಗಂಡ, ಹೆಂಡತಿ, ನಾಲ್ಕು ಮಕ್ಕಳ ಹೆಸರು ಅದೇ ಕ್ರಮದಲ್ಲಿ ಎರಡು ಕಡೆ ಬಂದರೆ ಆಗ ಮಾತು. ಆ ಗುಂಪು ಸಿಗುವುದು ಮಾಲೀಕ ಸತ್ತಾಗ ಆಸ್ತಿ ಪಾಲು ಮಾಡಲು ಕೌಂಟಿ, ಅಂದರೆ ಜಿಲ್ಲಾ ಮಟ್ಟದ, ಕೋರ್ಟಿಗೆ ಕೊಟ್ಟ ಪಟ್ಟಿಗಳಲ್ಲಿ. ಅಲ್ಲಿ ಹಸು, ಹೇಸರಗತ್ತೆ, ಮಂಚದ ನಡುವೆ ಮನುಷ್ಯರ ಹೆಸರು, ಪಕ್ಕದಲ್ಲಿ ಡಾಲರ್. ಓದಲು ಎದೆ ಗಟ್ಟಿ ಮಾಡಿಕೊಳ್ಳಬೇಕು. ಆದರೆ ತಾಯಿ ಮಕ್ಕಳನ್ನು ಒಂದೇ ಸಾಲಿನಲ್ಲಿ ಬರೆದಿರುವುದು ಹೆಚ್ಚಾಗಿ ಅಲ್ಲೇ. ಇನ್ನು, 1860ರಲ್ಲಿ ಸುಮಾರು 4.88 ಲಕ್ಷ ಕಪ್ಪು ಜನ ಸ್ವತಂತ್ರರಾಗಿದ್ದರು. ಅವರು 1850, 1860ರ ಸಾಮಾನ್ಯ ಗಣತಿಯಲ್ಲೇ ಹೆಸರಿನೊಂದಿಗೆ ಇದ್ದಾರೆ. ಅದನ್ನು ಮೊದಲು ನೋಡಿಬಿಡಿ.

ಗುಲಾಮಗಿರಿ ಕೊನೆಗೊಂಡ 1865ರಿಂದ 1870ರ ನಡುವಿನ ದಾಖಲೆಗಳೇ ಗೋಡೆಯ ಬಾಗಿಲು. 1865ರ ಮಾರ್ಚ್ 3ರಂದು ಶುರುವಾಗಿ 1872ರವರೆಗೆ ಇದ್ದ, ಬಿಡುಗಡೆಯಾದವರಿಗೆ ನೆರವಾಗಲು ಸರ್ಕಾರ ತೆರೆದ ಕಚೇರಿಯಾದ ಫ್ರೀಡ್‌ಮೆನ್ಸ್ ಬ್ಯೂರೋದ ಕಡತಗಳಲ್ಲಿ ಕೂಲಿ ಕರಾರು, ಪಡಿತರ, ಆಸ್ಪತ್ರೆ, ಮದುವೆ ನೋಂದಣಿ ಎಲ್ಲ ಇವೆ. ಸ್ವಯಂಸೇವಕರು ಸೇರಿ ಅದರ ಸುಮಾರು 18 ಲಕ್ಷ ಹೆಸರುಗಳಿಗೆ 2016ರಲ್ಲಿ ಸೂಚಿ ಮುಗಿಸಿದರು, ಫ್ಯಾಮಿಲಿಸರ್ಚ್ ತಾಣದಲ್ಲಿ ಉಚಿತ. ಕೂಲಿ ಕರಾರಿನ ಇನ್ನೊಂದು ಕಡೆ ಇರುವ ಜಮೀನ್ದಾರನ ಹೆಸರನ್ನು ಬರೆದುಕೊಳ್ಳಿ. ಎಷ್ಟೋ ಸಲ ಅವನೇ ಹಿಂದಿನ ಮಾಲೀಕ. ಬ್ಯೂರೋ ಶುರುವಾದ ದಿನವೇ ಹುಟ್ಟಿ 1874ರಲ್ಲಿ ದಿವಾಳಿಯಾದ ಫ್ರೀಡ್‌ಮನ್ಸ್ ಬ್ಯಾಂಕ್ ಬಡವರ ಉಳಿತಾಯವನ್ನು ಮುಳುಗಿಸಿತು. ಆದರೆ ಅದರ ಸಹಿ ಪುಸ್ತಕಗಳಲ್ಲಿ ಖಾತೆದಾರರ ತಂದೆ, ತಾಯಿ, ಅಣ್ಣತಮ್ಮ, ಅಕ್ಕತಂಗಿ, ಕೆಲವೊಮ್ಮೆ ಮಾರಾಟವಾಗಿ ಹೋದ ಮಗುವಿನ ಹೆಸರೂ ಉಳಿದಿವೆ, ಒಟ್ಟು ಸುಮಾರು 4.8 ಲಕ್ಷ ಹೆಸರು. ಅಂತರ್ಯುದ್ಧದಲ್ಲಿ ಹೋರಾಡಿದ ಸುಮಾರು 1.79 ಲಕ್ಷ ಕಪ್ಪು ಸೈನಿಕರಲ್ಲಿ ನಿಮ್ಮವರೊಬ್ಬರಿದ್ದರೆ ರಾಷ್ಟ್ರೀಯ ಪತ್ರಾಗಾರದಿಂದ ಪಿಂಚಣಿ ಕಡತ ತರಿಸಿ. ಗುಲಾಮರ ಮದುವೆಗೆ ಕಾಗದ ಇರಲಿಲ್ಲ. ಆದ್ದರಿಂದ ವಿಧವೆ ಪಿಂಚಣಿ ಪಡೆಯಲು ‘ಇವರ ಮದುವೆಗೆ ನಾನಿದ್ದೆ, ಈ ಮಗು ಹುಟ್ಟಿದಾಗ ನಾನೇ ಸೂಲಗಿತ್ತಿ’ ಎಂದು ನೆರೆಯವರು ಪ್ರಮಾಣ ಮಾಡಿ ಹೇಳಬೇಕಿತ್ತು. ಒಂದು ಕಡತದಲ್ಲಿ ನೂರು ಪುಟ ಇರುವುದುಂಟು. ನ್ಯೂ ಆರ್ಲಿಯನ್ಸ್‌ನ ಒಂದು ಚರ್ಚ್ ಪತ್ರಿಕೆ 1879ರಿಂದ, ಮಾರಾಟದಲ್ಲಿ ಬೇರೆಯಾದವರನ್ನು ಹುಡುಕುವ ಜಾಹೀರಾತು ಹಾಕುತ್ತಿತ್ತು. ಚಂದಾದಾರರಲ್ಲದವರಿಗೆ 50 ಸೆಂಟ್. ಪಾದ್ರಿಗಳು ಅದನ್ನು ಪ್ರಾರ್ಥನೆಯ ಹೊತ್ತಿನಲ್ಲಿ ಓದಿ ಹೇಳಬೇಕು ಎಂದು ಕೋರಿಕೆ. ವಿಲನೋವಾ ವಿಶ್ವವಿದ್ಯಾಲಯ ಇಂಥ ಜಾಹೀರಾತುಗಳನ್ನು ಹಲವು ಪತ್ರಿಕೆಗಳಿಂದ ಒಟ್ಟು ಮಾಡಿ ಹುಡುಕಲು ಬರುವಂತೆ ಇಟ್ಟಿದೆ.

ಡಿಎನ್‌ಎ ಪರೀಕ್ಷೆ ಕಾಗದಕ್ಕೆ ಪೂರಕ, ಬದಲಿ ಅಲ್ಲ. ‘ಇಷ್ಟು ಪಾಲು ನೈಜೀರಿಯಾ’ ಎಂಬುದಕ್ಕಿಂತ ಹೊಂದಿಕೆಯಾದ ಮೂರನೇ ತಲೆಮಾರಿನ ಸೋದರಸಂಬಂಧಿಗಳ ಪಟ್ಟಿ ಉಪಯುಕ್ತ.

ಹೆಸರಿನ ಈ ಕೆಲಸಕ್ಕೆ ಎಕರೆಯಲ್ಲಿ ಅಳೆಯುವ ಬೆಲೆಯೂ ಇದೆ. 1910ರ ಹೊತ್ತಿಗೆ ಕಪ್ಪು ರೈತರ ಕೈಯಲ್ಲಿ ಒಂದೂವರೆ ಕೋಟಿ ಎಕರೆಯಷ್ಟು ಜಮೀನಿತ್ತು, ಅದರ ಬಹುಪಾಲು ಹೋಯಿತು. ಒಂದು ಕಾರಣ ಉಯಿಲು ಇಲ್ಲದಿದ್ದದ್ದು. ನಮ್ಮಲ್ಲಿ ಪೌತಿ ಖಾತೆಯಾಗದೆ ಮುತ್ತಜ್ಜನ ಹೆಸರಲ್ಲೇ ಪಹಣಿ ಉಳಿದುಬಿಡುತ್ತದಲ್ಲ, ಹಾಗೆ. ಮೂರು ತಲೆಮಾರಿನಲ್ಲಿ ಅರವತ್ತು ಜನ ಪಾಲುದಾರರಾಗುತ್ತಾರೆ. ಯಾರೋ ದೂರದ ಒಬ್ಬರ ಸಣ್ಣ ಪಾಲನ್ನು ಹೊರಗಿನವನು ಕೊಂಡು, ಕೋರ್ಟಿಗೆ ಹೋಗಿ ಇಡೀ ಜಮೀನನ್ನೇ ಹರಾಜಿಗೆ ತರುತ್ತಿದ್ದ. 2010ರಲ್ಲಿ ರೂಪಿಸಿದ ಮಾದರಿ ಕಾನೂನನ್ನು ಜಾರ್ಜಿಯಾ, ಅಲಬಾಮಾ, ದಕ್ಷಿಣ ಕೆರೊಲಿನಾ ಸೇರಿ ಹಲವು ರಾಜ್ಯಗಳು ಒಪ್ಪಿವೆ. ಅದರ ಪ್ರಕಾರ ಸರಿಯಾದ ಬೆಲೆ ಕಟ್ಟಿಸಬೇಕು, ಮಾರಾಟ ಕೇಳಿದವನ ಪಾಲನ್ನು ಕೊಳ್ಳಲು ಉಳಿದವರಿಗೆ ಮೊದಲ ಅವಕಾಶ ಕೊಡಬೇಕು. ಆದರೆ ಆ ಅವಕಾಶ ಹಿಡಿಯಲು ಪಾಲುದಾರರು ಯಾರೆಂದು ತೋರಿಸಬೇಕಲ್ಲ? ಅಂತ್ಯಕ್ರಿಯೆಯ ಪುಸ್ತಿಕೆ, ಬೈಬಲಿನ ಪುಟ, ಅಜ್ಜಿಯ ರೆಕಾರ್ಡಿಂಗು ವಕೀಲರ ಮೇಜಿಗೆ ಬರುವುದು ಆಗ. ಪ್ರತಿ ಹೆಸರಿನ ಪಕ್ಕ ಆಧಾರ ಯಾವುದು ಎಂದು ಬರೆದಿಟ್ಟ ವಂಶಾವಳಿ ಇದ್ದರೆ ತಿಂಗಳುಗಳ ಕೆಲಸ ಉಳಿಯುತ್ತದೆ.

ಡಿಜಿಟಲ್ ಕಡತಗಳು ಮೂರು ಪ್ರತಿ, ಎರಡು ಬಗೆಯ ಸಾಧನದಲ್ಲಿ, ಒಂದು ಬೇರೆ ಊರಿನಲ್ಲಿ. ಪೆನ್ ಡ್ರೈವ್ ಸಾಗಿಸಲು ಮಾತ್ರ. ವರ್ಷಕ್ಕೊಮ್ಮೆ, ರೀಯೂನಿಯನ್ ವಾರದಲ್ಲೇ ಆಗಲಿ, ಎಲ್ಲ ಪ್ರತಿ ತೆರೆದು ನೋಡಿ. ಪಾಸ್‌ವರ್ಡ್ ಕನಿಷ್ಠ ಇಬ್ಬರಿಗೆ, ಅದರಲ್ಲೊಬ್ಬರು ಮೂವತ್ತರ ಕೆಳಗಿನವರು. ಮೂಲಗಳನ್ನು ಅಟ್ಟದಲ್ಲೂ ನೆಲಮಾಳಿಗೆಯಲ್ಲೂ ಇಡದೆ ಮನೆಯವರು ಮಲಗುವ ಕೋಣೆಯ ಬೀರುವಿನಲ್ಲಿಡಿ. ಮನುಷ್ಯರಿಗೆ ಹಿತವಾದ ಹವೆ ಕಾಗದಕ್ಕೂ ಹಿತ. ಸಂಸ್ಥೆಗೆ ಕೊಡುವುದಾದರೆ ನ್ಯೂಯಾರ್ಕಿನ ಶಾಂಬರ್ಗ್ ಕೇಂದ್ರ, ಹಾವರ್ಡ್ ವಿಶ್ವವಿದ್ಯಾಲಯದ ಮೂರ್‌ಲ್ಯಾಂಡ್ ಸ್ಪಿಂಗಾರ್ನ್ ಕೇಂದ್ರ, ನ್ಯೂ ಆರ್ಲಿಯನ್ಸ್‌ನ ಅಮಿಸ್ಟಾಡ್ ಕೇಂದ್ರ ಇವೆ. ನನ್ನ ಅಭಿಪ್ರಾಯದಲ್ಲಿ ಎಷ್ಟೋ ಸಲ ಅವಕ್ಕಿಂತ ಆ ಊರಿಗೆ ಹತ್ತಿರದ, ಕಪ್ಪು ಜನರಿಗಾಗಿ ಕಟ್ಟಿದ ಕಾಲೇಜಿನ ಗ್ರಂಥಾಲಯವೇ ವಾಸಿ, ಹೆಸರುಗಳನ್ನು ಗುರುತಿಸುವವರು ಅಲ್ಲಿರುತ್ತಾರೆ. ದಾನಪತ್ರಕ್ಕೆ ಸಹಿ ಹಾಕುವ ಮೊದಲು ಮೂರು ಕೇಳಿ: ಹಕ್ಕುಸ್ವಾಮ್ಯ ಯಾರಿಗೆ, ಬೇಡವೆನಿಸಿದ್ದನ್ನು ಹಿಂದಿರುಗಿಸುತ್ತಾರೋ ಎಸೆಯುತ್ತಾರೋ, ಕುಟುಂಬಕ್ಕೆ ಸ್ಕ್ಯಾನ್ ಪ್ರತಿ ಕೊಡುತ್ತಾರೋ. ಮೂಲವನ್ನು ಕೊಡದೆ ಸ್ಕ್ಯಾನ್ ಮಾಡಿಕೊಳ್ಳಲು ಮಾತ್ರ ಕೊಡುವ ದಾರಿಯೂ ಇದೆ.

ಕೊನೆಯದಾಗಿ ಬಟ್ಟೆ. ಅಲಬಾಮಾದ ಜೀಸ್ ಬೆಂಡ್ ಎಂಬಲ್ಲಿಯ ಹೆಂಗಸರ ಕೌದಿಗಳು ಇವತ್ತು ದೊಡ್ಡ ವಸ್ತುಸಂಗ್ರಹಾಲಯಗಳಲ್ಲಿವೆ. 1942ರಲ್ಲಿ ಮಿಸೌರಿ ಪೆಟ್‌ವೇ ಎಂಬವರು ತೀರಿಕೊಂಡ ಗಂಡನ ಹೊಲದ ಬಟ್ಟೆಗಳನ್ನು ಕತ್ತರಿಸಿ ಒಂದು ಕೌದಿ ಹೊಲಿದರು, ಅವನ ನೆನಪಿಗೆ ಹೊದ್ದುಕೊಳ್ಳಲು. ಇದು ನಮಗೆ ಗೊತ್ತಿರುವುದು ಮಗಳು ಹೇಳಿದ್ದರಿಂದ. ಹೇಳದಿದ್ದರೆ ಮಾಸಿದ ನೀಲಿ ಪಟ್ಟಿಗಳಷ್ಟೇ. ನಮ್ಮ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನಲ್ಲೂ ಆಫ್ರಿಕಾ ಮೂಲದ ಸಿದ್ದಿ ಮನೆತನಗಳಿವೆ, 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದವರು. ಪೋರ್ಚುಗೀಸರ ಕಾಲದಲ್ಲಿ ಗೋವಾಕ್ಕೆ ಗುಲಾಮರಾಗಿ ಬಂದವರ ಮಕ್ಕಳು ಮೊಮ್ಮಕ್ಕಳು ಅವರಲ್ಲಿ ಬಹಳ. 1870ರಂಥ ಹೆಸರಿನ ಗಣತಿ ಅವರಿಗಿಲ್ಲ. ಇರುವುದು ಹಿರಿಯರ ಸಿದ್ದಿ ಕೊಂಕಣಿಯ ಮಾತು, ಡಮಾಮಿ ಎಂಬ ಡೋಲಿನ ಬಡಿತ, ಹೆಂಗಸರು ಹಳೆ ಸೀರೆ, ಅಂಗಿಗಳ ತುಂಡುಗಳಿಂದ ಅಂಚಿನಿಂದ ಶುರುಮಾಡಿ ನಡುವಿಗೆ ಹೊಲಿಯುತ್ತ ಹೋಗುವ, ಮೂಲೆಗಳಲ್ಲಿ ಫುಲ ಎಂಬ ಮಡಚಿದ ಬಟ್ಟೆಯ ತುಂಡು ಇಡುವ, ಕವಂದಿ ಎಂಬ ಕೌದಿ. ಮೇಲೆ ಹೇಳಿದ ಸಂದರ್ಶನದ ಕ್ರಮ ಅಲ್ಲಿಗೂ ಅಷ್ಟೇ ಸಲ್ಲುತ್ತದೆ, ಒಪ್ಪಿಗೆ ಪತ್ರ ಅವರ ಭಾಷೆಯಲ್ಲಿ ಓದಿ ಹೇಳಬೇಕು, ಅಷ್ಟೇ ವ್ಯತ್ಯಾಸ.

ಕೌದಿಯಾಗಲಿ ಕವಂದಿಯಾಗಲಿ, ಪ್ಲಾಸ್ಟಿಕ್ ಚೀಲಕ್ಕೆ ತುಂಬಬೇಡಿ, ತೇವ ಒಳಗೇ ನಿಂತು ಬೂಸ್ಟು ಬರುತ್ತದೆ. ಒಗೆದ ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿ, ಮರಕ್ಕೆ ತಾಗದಂತೆ ಇಡಿ. ಮಡಿಕೆಯ ಜಾಗವನ್ನು ಮೂರು ತಿಂಗಳಿಗೊಮ್ಮೆ ಬದಲಿಸಿ, ಇಲ್ಲದಿದ್ದರೆ ಆ ಗೆರೆಯಲ್ಲೇ ನೂಲು ಮುರಿಯುತ್ತದೆ. ಆಮೇಲೆ ಅಂಗೈಯಗಲದ ಹತ್ತಿ ಬಟ್ಟೆಯ ತುಂಡೊಂದನ್ನು ಒಗೆದು ಒಣಗಿಸಿ, ಅದರ ಮೇಲೆ ಹೊಲಿದವರ ಹೆಸರು, ಊರು, ವರ್ಷ, ಯಾರ ಬಟ್ಟೆಯಿಂದ ಹೊಲಿದದ್ದು ಎಂಬುದನ್ನು ದಾರದಿಂದಲೇ ಕಸೂತಿ ಮಾಡಿ. ಇಸ್ತ್ರಿ ಹಾಕಿ ಅಂಟಿಸುವ ಪಟ್ಟಿ ಬೇಡ, ಅದರ ಅಂಟು ಹಳದಿಯಾಗುತ್ತದೆ. ಹಿಂಬದಿಯ ಪದರಕ್ಕೆ ಮಾತ್ರ ಸೂಜಿ ತಾಗುವಂತೆ, ಹತ್ತಿಯ ದಾರದಲ್ಲಿ, ನಾಲ್ಕೂ ಕಡೆ ಸಡಿಲವಾಗಿ ಹೊಲಿಯಿರಿ.